ಹರಳಿನ ಬೆಳಕು, ಸಿಗದ ಪದವಿ

ರಾಮನಗರ ದಾಟಿ ಚನ್ನಪಟ್ಟಣದ ಕಡೆಗೆ ಹೊರಟ ಬಸ್ಸು ಕೆಂಗಲ್ಲಿನಲ್ಲಿ ನಿಂತಾಗ ಮೊದಲು ನೆನಪಾಗುವುದು ಅಲ್ಲಿಯ ಆಂಜನೇಯನ ಗುಡಿ. ಕೆಂಗಲ್ಲು ಎಂದರೆ ಕೆಂಪು ಕಲ್ಲು. ಕಲ್ಲು ಈ ಸೀಮೆಯ ದೊಡ್ಡ ಆಸ್ತಿ. ಸುತ್ತಮುತ್ತಲಿನ ಬಂಡೆಬೆಟ್ಟಗಳಿಗೆ ಭೂವಿಜ್ಞಾನಿಗಳು ಕೊಟ್ಟಿರುವ ಹೆಸರು ‘ಕ್ಲೋಸ್‌ಪೇಟೆ ಗ್ರಾನೈಟ್’. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಇದ್ದ ಕ್ಲೋಸ್‌ಪೇಟೆ ಎಂಬ ಹೆಸರನ್ನು ಊರಿನವರು ಬಹುಮಟ್ಟಿಗೆ ಮರೆತಿದ್ದಾರೆ. ಪ್ರಪಂಚದ ಭೂವಿಜ್ಞಾನದ ಪುಸ್ತಕಗಳು ಮಾತ್ರ ಮರೆತಿಲ್ಲ. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಶಿಲೆಯ ಬಗ್ಗೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದವರು ಹಲವರಿದ್ದಾರೆ.

ಹೀಗೆ ತನ್ನ ಕಲ್ಲನ್ನು ಸಂಶೋಧನೆಗೆ ಒದಗಿಸಿದ ಈ ಸೀಮೆಗೆ ಸಂಶೋಧನಾ ಪದವಿ ಎಂಬುದು ಎಷ್ಟರಮಟ್ಟಿಗೆ ಪರಿಚಿತ? ಕೆಂಗಲ್ಲಿನ ಮುಂದೆ ಹಾಯುವ ಹೆದ್ದಾರಿಯ ಒಂದು ತುದಿಯಲ್ಲಿ 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯವಿದೆ. ಇನ್ನೊಂದು ತುದಿಯಲ್ಲಿ 1909ರಲ್ಲಿ ರೂಪುಗೊಂಡ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಹಳೆಯ ಮೈಸೂರು ಸಂಸ್ಥಾನದ ಉನ್ನತ ವಿದ್ಯೆಯ ಎರಡು ಬಾಗಿಲುಗಳ ನಡುವೆ ಇರುವ ತಾಲ್ಲೂಕುಗಳಿವು. ಈಗ ಬೆಂಗಳೂರಿನ ತುದಿಯಲ್ಲಿ ಹೊಸ ಮಾತೊಂದು ಕೇಳಿಬರುತ್ತಿದೆ, ಕ್ವಾಂಟಂ ಗಣಕಯಂತ್ರ. ಅದರಲ್ಲಿ ಸಂಶೋಧನೆ ಮಾಡಿ ಪದವಿ ಪಡೆಯಬಹುದು ಎಂದು ಪತ್ರಿಕೆಗಳಲ್ಲಿ ಓದಿದ ಹುಡುಗ ಹುಡುಗಿಯರು, ‘ಅದಕ್ಕೆ ಏನು ಓದಬೇಕು, ಎಷ್ಟು ವರ್ಷ, ಕೊನೆಗೆ ಏನು ಸಿಗುತ್ತದೆ’ ಎಂದು ಕೇಳುವುದು ಸಹಜ. ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೊರಟರೆ ನಾವು ಸುಮಾರು 90 ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಪದವಿ ಕೊಡದ ಸಂಸ್ಥೆ

ಜನ ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುವ ವಿಜ್ಞಾನ ಸಂಸ್ಥೆ ಜಮ್‌ಷೆಟ್‌ಜಿ ಟಾಟಾ ಅವರ ಕನಸು. ಮೈಸೂರು ಸಂಸ್ಥಾನ 371 ಎಕರೆ ಭೂಮಿ ಕೊಟ್ಟಿತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದರು. ಅದೇ ವರ್ಷ ಮೊದಲ ವಿದ್ಯಾರ್ಥಿಗಳು ಬಂದರು. ಟಾಟಾ ಅವರ ಮನಸ್ಸಿನಲ್ಲಿದ್ದುದು ಬಿ.ಎ., ಬಿ.ಎಸ್ಸಿ. ಪಾಠ ಹೇಳುವ ಮತ್ತೊಂದು ಕಾಲೇಜಲ್ಲ. ಪದವಿ ಮುಗಿಸಿದವರು ಬಂದು ಸ್ವಂತ ಸಂಶೋಧನೆ ನಡೆಸುವ ಸ್ಥಳ ಅದಾಗಬೇಕು ಎಂಬುದು ಅವರ ಆಸೆ.

ಆದರೆ ಇಲ್ಲೊಂದು ತೊಡಕಿತ್ತು. ಸಂಶೋಧನೆಗೆಂದೇ ಹುಟ್ಟಿದ ಸಂಸ್ಥೆಗೆ ಡಾಕ್ಟರೇಟ್ ಕೊಡುವ ಅಧಿಕಾರ ಇರಲಿಲ್ಲ. ಅದು ‘ಅಸೋಸಿಯೇಟ್’ ಎಂಬ ಡಿಪ್ಲೊಮಾ ಕೊಡುತ್ತಿತ್ತು. ಡಾಕ್ಟರೇಟ್ ಬೇಕಾದವರು ಬೆಂಗಳೂರಿನಲ್ಲಿ ದುಡಿದು, ಪ್ರಬಂಧವನ್ನು ಮದ್ರಾಸಿನಂಥ ಹೊರಗಿನ ವಿಶ್ವವಿದ್ಯಾಲಯಕ್ಕೆ ಸಲ್ಲಿಸಬೇಕಾಗಿತ್ತು. ಕಾಲಜನ್ ಎಂಬ ಪ್ರೋಟೀನಿನ ರಚನೆಯನ್ನು ಬಿಡಿಸಿ ಮುಂದೆ ಪ್ರಖ್ಯಾತರಾದ ಜಿ.ಎನ್. ರಾಮಚಂದ್ರನ್ ಬೆಂಗಳೂರಿನಲ್ಲಿ ಮಾಡಿದ ಕೆಲಸಕ್ಕೆ ಡಿ.ಎಸ್ಸಿ. ಪಡೆದದ್ದು ಮದ್ರಾಸಿನಿಂದ. ಕೆಲಸ ಒಂದು ಕಡೆ, ಮುದ್ರೆ ಇನ್ನೊಂದು ಕಡೆ. ಸಂಸ್ಥೆಗೆ ವಿಶ್ವವಿದ್ಯಾಲಯಕ್ಕೆ ಸಮಾನವಾದ ಸ್ಥಾನ ದೊರೆತು ತಾನೇ ಪದವಿ ಕೊಡುವಂತಾದದ್ದು 1958ರಲ್ಲಿ.

ನಿಲ್ಲದೆ ಹೋದ ಗುರು

1933ರಲ್ಲಿ ಸಿ.ವಿ. ರಾಮನ್ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಬೆಂಗಳೂರು ಅವರಿಗೆ ಹೊಸದಲ್ಲ. ನೊಬೆಲ್ ತಂದುಕೊಟ್ಟ ಬೆಳಕಿನ ಚದುರುವಿಕೆಯ ಶೋಧವನ್ನು ಕುರಿತು ಅವರು 1928ರ ಮಾರ್ಚ್ 16ರಂದು ಉಪನ್ಯಾಸ ಮಾಡಿದ್ದು ಇದೇ ಊರಿನ ಸೆಂಟ್ರಲ್ ಕಾಲೇಜಿನಲ್ಲಿ. ನಿರ್ದೇಶಕರಾದ ವರ್ಷವೇ ಅವರು ಸಂಸ್ಥೆಯಲ್ಲಿ ಭೌತವಿಜ್ಞಾನ ವಿಭಾಗವನ್ನು ಆರಂಭಿಸಿದರು.

ಅದೇ ವರ್ಷ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದು ಯೆಹೂದಿ ಪ್ರಾಧ್ಯಾಪಕರನ್ನು ಕೆಲಸದಿಂದ ತೆಗೆಯತೊಡಗಿದ. ಗಾಟಿಂಗೆನ್ನಿನ ಮ್ಯಾಕ್ಸ್ ಬಾರ್ನ್ ಅವರಲ್ಲೊಬ್ಬರು. ಪರಮಾಣುವಿನ ಲೋಕದಲ್ಲಿ ಖಚಿತವಾದ ಭವಿಷ್ಯ ಹೇಳಲಾಗದು, ಸಂಭವನೀಯತೆಯನ್ನಷ್ಟೇ ಹೇಳಬಹುದು ಎಂಬ ಅರ್ಥವನ್ನು 1926ರಲ್ಲಿ ಕ್ವಾಂಟಂ ಸಿದ್ಧಾಂತಕ್ಕೆ ಕೊಟ್ಟವರು ಅವರೇ. ಕ್ವಾಂಟಂ ಗಣಕದ ಪ್ರತಿಯೊಂದು ಲೆಕ್ಕವೂ ಇಂದು ನಿಂತಿರುವುದು ಈ ನಿಯಮದ ಮೇಲೆ. ರಾಮನ್ ಅವರನ್ನು ಬೆಂಗಳೂರಿಗೆ ಕರೆಸಿದರು. 1935ರ ಕೊನೆಯ ತಿಂಗಳುಗಳಿಂದ ಸುಮಾರು ಆರು ತಿಂಗಳು ಬಾರ್ನ್ ಪತ್ನಿಯೊಡನೆ ಸಂಸ್ಥೆಯ ಆವರಣದಲ್ಲಿದ್ದು ಪಾಠ ಹೇಳಿದರು. ಶಬ್ದದ ಅಲೆಗಳಿಂದ ಬೆಳಕು ಚದುರುವ ಬಗೆಯನ್ನು ರಾಮನ್ ಜೊತೆ ಸೇರಿ ವಿವರಿಸಿದ ಎನ್.ಎಸ್. ನಾಗೇಂದ್ರನಾಥ್ ಆಗ ಅಲ್ಲಿಯೇ ಸಂಶೋಧನೆ ನಡೆಸುತ್ತಿದ್ದರು.

ಬಾರ್ನ್ ಇಲ್ಲಿಯೇ ಪ್ರಾಧ್ಯಾಪಕರಾಗಿ ನಿಲ್ಲಲಿ ಎಂಬುದು ರಾಮನ್ ಇಚ್ಛೆಯಾಗಿತ್ತು. ಆದರೆ ಸಂಸ್ಥೆಯೊಳಗೆ ರಾಮನ್ ಅವರ ಬಗ್ಗೆ ಅಸಮಾಧಾನ ಬೆಳೆದಿತ್ತು. ತನ್ನ ದೇಶದಿಂದ ಹೊರದೂಡಲ್ಪಟ್ಟ ಎರಡನೆಯ ದರ್ಜೆಯ ಪರದೇಶಿ ಎಂಬರ್ಥದ ಮಾತು ಸಭೆಯಲ್ಲಿ ತಮ್ಮ ಬಗ್ಗೆ ಬಂತೆಂದು ಬಾರ್ನ್ ಅವರೇ ಮುಂದೆ ಆತ್ಮಕಥೆಯಲ್ಲಿ ನೊಂದು ಬರೆದಿದ್ದಾರೆ. ಅವರು ಹಿಂತಿರುಗಿ ಎಡಿನ್‌ಬರೋದಲ್ಲಿ ಪ್ರಾಧ್ಯಾಪಕರಾದರು. 1954ರಲ್ಲಿ ನೊಬೆಲ್ ಬಂತು. ರಾಮನ್ ಕೂಡ 1937ರಲ್ಲಿ ನಿರ್ದೇಶಕ ಸ್ಥಾನ ಬಿಡಬೇಕಾಯಿತು. ಕ್ವಾಂಟಂ ಸಿದ್ಧಾಂತದ ಮೂಲಪುರುಷರಲ್ಲಿ ಒಬ್ಬರ ಶಿಷ್ಯಪರಂಪರೆ ನಮ್ಮ ನೆಲದಲ್ಲಿ ಬೇರೂರುವ ಅವಕಾಶ ಹೀಗೆ ತಪ್ಪಿತು. ಸಂಶೋಧನೆಗೆ ಕಟ್ಟಡ, ಉಪಕರಣಗಳಷ್ಟೇ ಸಾಲದು. ಬಂದ ಗುರುವನ್ನು ಉಳಿಸಿಕೊಳ್ಳುವ ಮನಸ್ಸೂ ಬೇಕು.

ವಜ್ರಗಳ ನಡುವೆ ಐದು ವರ್ಷ

ನಿರ್ದೇಶಕ ಸ್ಥಾನ ಬಿಟ್ಟ ಮೇಲೂ ರಾಮನ್ ಭೌತವಿಜ್ಞಾನದ ಪ್ರಾಧ್ಯಾಪಕರಾಗಿ ಮುಂದುವರಿದರು. ಅವರಿಗೆ ಹರಳುಗಳ ಹುಚ್ಚು. ಅದರಲ್ಲೂ ವಜ್ರವೆಂದರೆ ಮುಗಿಯಿತು. 1940ರಲ್ಲಿ ಅವರ ಪ್ರಯೋಗಾಲಯಕ್ಕೆ ತಿರುವಾಂಕೂರಿನ ಕಡೆಯ ಅಣ್ಣಾ ಮಣಿ ಎಂಬ ಯುವತಿ ಸಂಶೋಧನಾ ವೇತನ ಪಡೆದು ಬಂದರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎಸ್ಸಿ. ಆನರ್ಸ್ ಮುಗಿಸಿದ್ದ ಅವರಿಗೆ ಆಗ 22ರ ಹರೆಯ.

ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶ ಸುಲಭವಿರಲಿಲ್ಲ. ಏಳು ವರ್ಷಗಳ ಹಿಂದೆ, 1933ರಲ್ಲಿ, ಮುಂಬಯಿಯ ಕಮಲಾ ಭಾಗವತ್ ಜೀವರಸಾಯನದಲ್ಲಿ ಸಂಶೋಧನೆಗೆಂದು ಅರ್ಜಿ ಹಾಕಿದಾಗ ರಾಮನ್ ಮೊದಲು ನಿರಾಕರಿಸಿದ್ದರು. ಆಕೆ ಬಿಡಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಆಕೆಯ ಕೆಲಸ ನೋಡಿದ ಮೇಲೆಯೇ ಉಳಿದವರಿಗೆ ಬಾಗಿಲು ತೆರೆಯಿತು. ಕಮಲಾ ಮುಂದೆ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದರು.

ಅಣ್ಣಾ ಮಣಿ ಅವರ ಕೆಲಸ ವಜ್ರ ಮತ್ತು ಕೆಂಪು ಹರಳುಗಳು ಹೊರಸೂಸುವ ಬೆಳಕಿನ ಪರೀಕ್ಷೆ. ಮೂವತ್ತಕ್ಕೂ ಹೆಚ್ಚು ವಜ್ರಗಳ ವರ್ಣಪಟಲವನ್ನು ಅವರು ತೆಗೆದರು. ವಜ್ರವನ್ನು ದ್ರವರೂಪದ ಗಾಳಿಯಿಂದ ತಣಿಸಿ, ಅದರಿಂದ ಹೊರಡುವ ಕ್ಷೀಣ ಬೆಳಕನ್ನು ಫೋಟೋ ಫಲಕದ ಮೇಲೆ ಹಿಡಿಯಬೇಕು. ಒಂದೊಂದು ಫಲಕಕ್ಕೂ ಹದಿನೈದು, ಇಪ್ಪತ್ತು ಗಂಟೆ ಬೆಳಕು ಬೀಳಬೇಕಾಗಿತ್ತು. ರಾತ್ರಿಯೆಲ್ಲ ಪ್ರಯೋಗಾಲಯದಲ್ಲೇ ಕಾಯುವುದು. 1942ರಿಂದ 1945ರವರೆಗೆ ಅವರು ಒಬ್ಬರೇ ಬರೆದ ಐದು ಸಂಶೋಧನ ಲೇಖನಗಳು ಪ್ರಕಟವಾದವು.

1945ರ ಆಗಸ್ಟಿನಲ್ಲಿ ಅಣ್ಣಾ ಮಣಿ ತಮ್ಮ ಪ್ರಬಂಧವನ್ನು ಡಾಕ್ಟರೇಟಿಗಾಗಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಪದವಿ ಸಿಗಲಿಲ್ಲ. ಕಾರಣ, ಅವರಲ್ಲಿ ಎಂ.ಎಸ್ಸಿ. ಇರಲಿಲ್ಲ. ಬಿ.ಎಸ್ಸಿ. ಆನರ್ಸ್ ಇದೆ, ವಿಜ್ಞಾನ ಸಂಸ್ಥೆಗೆ ಬಂದದ್ದು ಸ್ಪರ್ಧೆಯಲ್ಲಿ ಗೆದ್ದ ವೇತನದಿಂದ, ಐದು ಲೇಖನಗಳು ಅಚ್ಚಾಗಿವೆ ಎಂಬ ಯಾವ ಸಂಗತಿಯೂ ಲೆಕ್ಕಕ್ಕೆ ಬರಲಿಲ್ಲ. ಪ್ರಬಂಧದಲ್ಲಿ ದೋಷವಿದೆ ಎಂದು ಯಾರೂ ಹೇಳಿರಲಿಲ್ಲ. ಮೆಟ್ಟಿಲೊಂದನ್ನು ಹತ್ತದೆ ಮೇಲೆ ಬಂದಿದ್ದೀರಿ ಎಂಬುದಷ್ಟೇ ಆಕ್ಷೇಪ.

ಅವರು ಅಳುತ್ತ ಕೂರಲಿಲ್ಲ. ಸರ್ಕಾರದ ವಿದ್ಯಾರ್ಥಿವೇತನದಿಂದ ಇಂಗ್ಲೆಂಡಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು 1948ರಲ್ಲಿ ಹಿಂತಿರುಗಿದರು. ಭಾರತದ ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕರ ಸ್ಥಾನಕ್ಕೇರಿ 1976ರಲ್ಲಿ ನಿವೃತ್ತರಾದರು. ಬಿಸಿಲನ್ನೂ ಗಾಳಿಯನ್ನೂ ಅಳೆಯುವ ದೇಶೀ ಉಪಕರಣಗಳ ಹಿಂದೆ ಅವರ ಶ್ರಮವಿದೆ. ಡಾಕ್ಟರೇಟ್ ಸಿಗದಿದ್ದುದರಿಂದ ತಮ್ಮ ಬದುಕಿಗೆ ಹೆಚ್ಚಿನ ವ್ಯತ್ಯಾಸವೇನೂ ಆಗಲಿಲ್ಲ ಎಂದೇ ಅವರು ಹೇಳುತ್ತಿದ್ದರು. ಅದು ಅವರ ದೊಡ್ಡತನ. ವ್ಯತ್ಯಾಸವಾದದ್ದು ವಿಜ್ಞಾನಕ್ಕೆ. ವಜ್ರದ ಬೆಳಕನ್ನು ಅಷ್ಟು ಚೆನ್ನಾಗಿ ಬಲ್ಲವರೊಬ್ಬರು ಆ ಕ್ಷೇತ್ರವನ್ನೇ ಬಿಟ್ಟು ಹೋದರು. ಸಲ್ಲಿಸಿದ ಪ್ರಬಂಧದ ರಟ್ಟು ಕಟ್ಟಿದ ಪ್ರತಿ ರಾಮನ್ ಸಂಶೋಧನ ಸಂಸ್ಥೆಯ ಪುಸ್ತಕಾಲಯದಲ್ಲಿ ಉಳಿಯಿತು.

ಬುಗುರಿ ಮತ್ತು ಗಣಕ

ಈ ಹಳೆಯ ವಜ್ರಗಳಿಗೂ ಕ್ವಾಂಟಂ ಗಣಕಕ್ಕೂ ಏನು ಸಂಬಂಧ? ಅದನ್ನು ತಿಳಿಯಲು ಚನ್ನಪಟ್ಟಣದ ಬುಗುರಿಯೊಂದನ್ನು ಕೈಗೆತ್ತಿಕೊಳ್ಳಬಹುದು.

ಇಂದಿನ ಗಣಕಯಂತ್ರ ಎಲ್ಲವನ್ನೂ ಸೊನ್ನೆ ಮತ್ತು ಒಂದು ಎಂಬ ಎರಡು ಅಂಕಿಗಳಲ್ಲಿ ಬರೆದುಕೊಳ್ಳುತ್ತದೆ. ದೀಪದ ಸ್ವಿಚ್ಚಿನಂತೆ, ಹಾಕಿದೆ ಇಲ್ಲವೆ ಆರಿಸಿದೆ. ಪರಮಾಣುವಿನ ಮಟ್ಟದ ಎಲೆಕ್ಟ್ರಾನಿಗೆ ತಿರುಗುವ ಬುಗುರಿಯಂಥ ಗುಣವೊಂದುಂಟು. ಬುಗುರಿಯ ಮೊಳೆ ಯಾವ ದಿಕ್ಕಿಗಾದರೂ ವಾಲಿರಬಹುದು. ಆದರೆ ಈ ಬುಗುರಿಯನ್ನು ‘ನೀನು ಮೇಲೋ ಕೆಳಗೋ’ ಎಂದು ಅಳೆದು ಕೇಳಿದರೆ ಅದು ಎರಡರಲ್ಲಿ ಒಂದನ್ನು ಮಾತ್ರ ಹೇಳುತ್ತದೆ, ಹೇಳಿದ ಮೇಲೆ ಹಾಗೆಯೇ ಉಳಿದುಬಿಡುತ್ತದೆ. ಯಾವ ಉತ್ತರ ಎಷ್ಟು ಸಲ ಬರುತ್ತದೆ ಎಂಬ ಸಂಭವನೀಯತೆಯನ್ನು ಕೊಡುವುದು ಬಾರ್ನ್ ನಿಯಮ. ಇಂಥ ಒಂದು ಘಟಕಕ್ಕೆ ಕ್ಯೂಬಿಟ್ ಎಂದು ಹೆಸರು.

ಹತ್ತು ಕ್ಯೂಬಿಟ್‌ಗಳ ಒಟ್ಟು ಸ್ಥಿತಿಯನ್ನು ಬರೆದಿಡಲು 1,024 ಸಂಖ್ಯೆಗಳು ಬೇಕು. ಇಪ್ಪತ್ತಾದರೆ ಹತ್ತು ಲಕ್ಷಕ್ಕೂ ಹೆಚ್ಚು. ಐವತ್ತಾದರೆ ಸುಮಾರು 11 ಕೋಟಿ ಕೋಟಿ. ನಿಸರ್ಗವೇ ಇಷ್ಟು ಲೆಕ್ಕವನ್ನು ಹೊತ್ತು ನಡೆಸುತ್ತಿರುವಾಗ, ಅದನ್ನು ಅನುಕರಿಸಲು ನಿಸರ್ಗದ ನಿಯಮದಿಂದಲೇ ನಡೆಯುವ ಯಂತ್ರ ಬೇಕು ಎಂದು ಅಮೆರಿಕದ ರಿಚರ್ಡ್ ಫೈನ್‌ಮನ್ 1981ರಲ್ಲಿ ಹೇಳಿದರು. 1985ರಲ್ಲಿ ಬ್ರಿಟನ್ನಿನ ಡೇವಿಡ್ ಡಾಯ್ಚ್ ಅಂಥ ಯಂತ್ರದ ಗಣಿತವನ್ನು ರೂಪಿಸಿದರು. 1994ರಲ್ಲಿ ಪೀಟರ್ ಶೋರ್, ದೊಡ್ಡ ಸಂಖ್ಯೆಗಳನ್ನು ಅಪವರ್ತಿಸುವ ಕೆಲಸವನ್ನು ಈ ಯಂತ್ರ ಬಹು ಬೇಗ ಮಾಡಬಲ್ಲದೆಂದು ತೋರಿಸಿದರು. ಬ್ಯಾಂಕು ವ್ಯವಹಾರಗಳ ಗುಟ್ಟು ಕಾಯುವ ಬೀಗಗಳಲ್ಲಿ ಹಲವು, ಅಪವರ್ತಿಸುವುದು ಕಷ್ಟ ಎಂಬ ನಂಬಿಕೆಯ ಮೇಲೆ ನಿಂತಿದ್ದವು. ಸರ್ಕಾರಗಳ ಕಿವಿ ನೆಟ್ಟಗಾದದ್ದು ಆಗಲೇ.

ಈ ಯಂತ್ರ ಎಲ್ಲ ಉತ್ತರಗಳನ್ನೂ ಒಟ್ಟಿಗೆ ಹೇಳುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೊನೆಗೆ ಅಳೆದಾಗ ಒಂದೇ ಉತ್ತರ ಬರುತ್ತದೆ. ಕೊಳದಲ್ಲಿ ಎರಡು ಅಲೆಗಳು ಸೇರಿದಲ್ಲಿ ಕೆಲವೆಡೆ ನೀರು ಮೇಲೇಳುತ್ತದೆ, ಕೆಲವೆಡೆ ಸಮವಾಗುತ್ತದೆ. ಅದರಂತೆ ತಪ್ಪು ಉತ್ತರಗಳ ಅಲೆಗಳು ಒಂದನ್ನೊಂದು ಅಳಿಸಿ, ಸರಿಯುತ್ತರದ ಅಲೆ ಎದ್ದು ನಿಲ್ಲುವಂತೆ ಲೆಕ್ಕವನ್ನು ಹೆಣೆಯಬೇಕು. ಇದನ್ನು ಹೆಣೆಯುವ ಗಣಿತ ಸಂಶೋಧನೆಯ ಒಂದು ಕವಲು. ವಿಜ್ಞಾನ ಸಂಸ್ಥೆಯ ಅಪೂರ್ವ ಪಟೇಲ್ ಅವರಂಥವರು ದೀರ್ಘಕಾಲದಿಂದ ದುಡಿದಿರುವುದು ಈ ಕವಲಿನಲ್ಲಿ.

ಇನ್ನೊಂದು ಕವಲು ಯಂತ್ರ ಕಟ್ಟುವವರದು. ಹೊರಗಿನ ಬಿಸಿ, ಅಲುಗಾಟ ತಾಗಿದರೆ ಬುಗುರಿ ದಿಕ್ಕು ತಪ್ಪುತ್ತದೆ. ಆದ್ದರಿಂದ ಕೆಲವು ಯಂತ್ರಗಳನ್ನು ಪರಮ ಶೂನ್ಯಕ್ಕೆ, ಅಂದರೆ ಮೈನಸ್ 273 ಡಿಗ್ರಿಗೆ, ಒಂದು ಡಿಗ್ರಿಯ ನೂರನೆಯ ಭಾಗದಷ್ಟು ಸಮೀಪದವರೆಗೆ ತಣಿಸುತ್ತಾರೆ. ವಜ್ರ ಮತ್ತೆ ಪ್ರವೇಶಿಸುವುದು ಇಲ್ಲಿಯೇ. ವಜ್ರದ ಇಂಗಾಲದ ಜಾಲರಿಯಲ್ಲಿ ಒಂದು ಕಡೆ ಸಾರಜನಕದ ಪರಮಾಣು ಸೇರಿ ಪಕ್ಕದ ಜಾಗ ಖಾಲಿ ಬಿದ್ದರೆ, ಆ ದೋಷವೇ ಒಂದು ಕ್ಯೂಬಿಟ್ ಆಗಬಲ್ಲದು. ಹಸಿರು ಬೆಳಕು ಬಿಟ್ಟರೆ ಅದು ಕೆಂಪು ಬೆಳಕು ಸೂಸುತ್ತದೆ. ಆ ಕೆಂಪಿನ ಹೆಚ್ಚು ಕಡಿಮೆಯಿಂದ ಒಳಗಿನ ಬುಗುರಿಯ ದಿಕ್ಕನ್ನು ಓದಬಹುದು, ಅದೂ ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ. ಇಂಥ ಒಂದೇ ಒಂದು ದೋಷದ ಬೆಳಕನ್ನು ಬೇರ್ಪಡಿಸಿ ನೋಡಿದ್ದು 1997ರಲ್ಲಿ, ಜರ್ಮನಿಯಲ್ಲಿ. ಅಣ್ಣಾ ಮಣಿ ಕ್ವಾಂಟಂ ಗಣಕವನ್ನು ಊಹಿಸಿದ್ದರು ಎಂದು ಹೇಳಿದರೆ ಅದು ಉತ್ಪ್ರೇಕ್ಷೆ. ಆದರೆ ವಜ್ರ ಏಕೆ ಹೊಳೆಯುತ್ತದೆ, ಆ ಹೊಳಪು ತಣಿಸಿದಾಗ ಹೇಗೆ ಬದಲಾಗುತ್ತದೆ ಎಂದು ಅವರು ಕೇಳಿದ ಬಗೆಯ ಪ್ರಶ್ನೆಗಳನ್ನೇ ಐವತ್ತು ವರ್ಷಗಳ ನಂತರ ಹೊಸ ಉದ್ದೇಶದಿಂದ ಪ್ರಪಂಚ ಮತ್ತೆ ಕೇಳಿತು.

ಇಂದಿನ ವಿದ್ಯಾರ್ಥಿಯ ದಾರಿ

ರಾಮನ್ ಸಂಶೋಧನ ಸಂಸ್ಥೆಯಲ್ಲಿ ಊರ್ಬಸಿ ಸಿನ್ಹಾ ಅವರ ನೇತೃತ್ವದ ಪ್ರಯೋಗಾಲಯ ಬೆಳಕಿನ ಕಣಗಳ ಮೂಲಕ ಗುಟ್ಟು ಕಳಿಸುವ ವಿದ್ಯೆಯಲ್ಲಿ ದುಡಿಯುತ್ತ, 2021ರಲ್ಲಿ ಇಸ್ರೋ ನೆರವಿನಿಂದ ಎರಡು ಕಟ್ಟಡಗಳ ನಡುವೆ ಬಯಲಿನಲ್ಲೇ ಅದನ್ನು ಸಾಧಿಸಿ ತೋರಿಸಿತು. ಕೇಂದ್ರ ಸಚಿವ ಸಂಪುಟ 2023ರ ಏಪ್ರಿಲ್ 19ರಂದು ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2030-31ರವರೆಗಿನ ವೆಚ್ಚ 6,003.65 ಕೋಟಿ ರೂಪಾಯಿ. ಎಂಟು ವರ್ಷಗಳಲ್ಲಿ 50ರಿಂದ 1,000 ಕ್ಯೂಬಿಟ್‌ಗಳ ಯಂತ್ರ ಕಟ್ಟುವುದು ಗುರಿ. ನಾಲ್ಕು ಕೇಂದ್ರಗಳಲ್ಲಿ ಗಣಕದ ಹೊಣೆ ಬಿದ್ದದ್ದು ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ.

ಹಣ ಬಂತು, ಯಂತ್ರಗಳೂ ಬರುತ್ತವೆ. ಕೆಲಸ ಮಾಡುವ ಕೈಗಳು ಬೇಕು. ಅವು ಬರುವುದು ಸಂಶೋಧನಾ ಪದವಿಯ ಮೂಲಕ. ಇಲ್ಲಿ ಪೋಷಕರು ತಿಳಿಯಬೇಕಾದ ವ್ಯತ್ಯಾಸವೊಂದಿದೆ. ಪಾಠ ಕೇಳಿ, ಪರೀಕ್ಷೆ ಬರೆದು, ಕೊನೆಗೊಂದು ಪ್ರಾಜೆಕ್ಟ್ ಮಾಡಿ ಪಡೆಯುವ ಎಂ.ಟೆಕ್. ಒಂದು ಬಗೆ. ಕ್ವಾಂಟಂ ತಂತ್ರಜ್ಞಾನದಲ್ಲಿ ಇಂಥ ಎಂ.ಟೆಕ್. ವಿಜ್ಞಾನ ಸಂಸ್ಥೆಯಲ್ಲಿದೆ. ಪ್ರಬಂಧವೇ ಮುಖ್ಯವಾದ ಪದವಿ ಇನ್ನೊಂದು ಬಗೆ. ಹಿಂದೆ ಅಲ್ಲಿ ಎಂ.ಎಸ್ಸಿ. (ಎಂಜಿನಿಯರಿಂಗ್) ಎನ್ನುತ್ತಿದ್ದ, ಈಗ ಎಂ.ಟೆಕ್. (ರಿಸರ್ಚ್) ಎನ್ನುವ ಪದವಿ ಮತ್ತು ಪಿಎಚ್.ಡಿ. ಈ ಬಗೆಗೆ ಸೇರಿದವು. ಭೌತವಿಜ್ಞಾನದ ಎಂ.ಎಸ್ಸಿ. ಆದವರೂ ಬಿ.ಇ. ಆದವರೂ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಗೇಟ್, ನೆಟ್, ಜೆಸ್ಟ್ ಮುಂತಾದ ಪರೀಕ್ಷೆಗಳು ಮೊದಲ ಹೊಸ್ತಿಲು, ಸಂದರ್ಶನ ಎರಡನೆಯದು. ಮೊದಲ ವರ್ಷ ಪಾಠಗಳಿರುತ್ತವೆ. ಅನಂತರ ವಿಷಯದ ಮೇಲಿನ ಹಿಡಿತವನ್ನು ಒರೆಗೆ ಹಚ್ಚುವ ಪರೀಕ್ಷೆ. ಅಲ್ಲಿಂದ ಮುಂದೆ ಮಾರ್ಗದರ್ಶಕರ ಜೊತೆ, ಹಲವು ಸಲ ಒಂಟಿಯಾಗಿ, ಉತ್ತರ ಪುಸ್ತಕದಲ್ಲಿಲ್ಲದ ಪ್ರಶ್ನೆಯೊಂದರ ಹಿಂದೆ ನಾಲ್ಕೈದು ವರ್ಷ. ಪ್ರಯೋಗ ಕೆಡುತ್ತದೆ, ಲೆಕ್ಕ ತಪ್ಪುತ್ತದೆ, ಅದೇ ಕೆಲಸವನ್ನು ಬೇರೆ ದೇಶದವರು ಮೊದಲೇ ಪ್ರಕಟಿಸಿಬಿಡುವುದೂ ಉಂಟು. ಫೋಟೋ ಫಲಕದ ಮುಂದೆ ಇಪ್ಪತ್ತು ಗಂಟೆ ಕಾದ ತಾಳ್ಮೆ ಈಗಲೂ ಬೇಕು.

ಹಣದ ಮಾತನ್ನೂ ಆಡಬೇಕು. ಬಹಳ ಮಂದಿ ತಿಳಿದಂತೆ ಇದು ಮನೆಯವರು ಖರ್ಚು ಮಾಡಿ ಓದಿಸುವ ಓದಲ್ಲ. ನೆಟ್ ಮೂಲಕ ಕಿರಿಯ ಸಂಶೋಧನಾ ವೇತನ ಗೆದ್ದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000 ರೂಪಾಯಿ ನಿಗದಿಯಾಯಿತು. ಎಂಜಿನಿಯರ್ ಆದ ಗೆಳೆಯರ ಸಂಬಳಕ್ಕೆ ಹೋಲಿಸಿದರೆ ಕಡಿಮೆ ಎನಿಸಬಹುದು. ರೇಷ್ಮೆಗೂಡಿನ ದರ ಏರಿಳಿಯುವುದನ್ನೇ ನೋಡುತ್ತ ಬೆಳೆದ ಮನೆಗೆ ಅದು ಸಣ್ಣ ಮೊತ್ತವಲ್ಲ. ತೊಡಕಿರುವುದು ಅದಕ್ಕಿಂತ ಮೊದಲು. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ವಿಜ್ಞಾನ ಓದಿದ ಹುಡುಗಿ ಇಂಥ ಪರೀಕ್ಷೆಗಳಿವೆ ಎಂಬ ಸುದ್ದಿ ಕೇಳುವ ಹೊತ್ತಿಗೆ ಎಷ್ಟೋ ಸಲ ಪದವಿ ಮುಗಿದಿರುತ್ತದೆ, ಮದುವೆಯ ಮಾತೂ ಶುರುವಾಗಿರುತ್ತದೆ.

ಅಣ್ಣಾ ಮಣಿ ಅವರನ್ನು ತಡೆದ ಮೆಟ್ಟಿಲು ಈಗ ಏನಾಗಿದೆ? ನಾಲ್ಕು ವರ್ಷದ ಪದವಿಯಲ್ಲಿ ಶೇಕಡ 75 ಅಂಕ ಪಡೆದವರು ಎಂ.ಎಸ್ಸಿ. ಇಲ್ಲದೆಯೇ ನೇರವಾಗಿ ಪಿಎಚ್.ಡಿ.ಗೆ ಸೇರಬಹುದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2022ರಲ್ಲಿ ನಿಯಮ ಮಾಡಿತು. ಬಿ.ಎಸ್ಸಿ. ಮುಗಿಸಿದವರನ್ನು ಸೇರಿಸಿಕೊಂಡು ಡಾಕ್ಟರೇಟ್ ತನಕ ಒಯ್ಯುವ ಸಮಗ್ರ ಪಿಎಚ್.ಡಿ.ಯೂ ವಿಜ್ಞಾನ ಸಂಸ್ಥೆಯಲ್ಲಿದೆ. ಕರ್ನಾಟಕದಲ್ಲಿ 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಆದ್ದರಿಂದ ಚನ್ನಪಟ್ಟಣದಲ್ಲೋ ಕನಕಪುರದಲ್ಲೋ ಬಿ.ಎಸ್ಸಿ. ಓದುವವರು ಎಂ.ಎಸ್ಸಿ. ಮಾಡಬೇಕು, ಇಲ್ಲವೆ ಸಮಗ್ರ ಪಿಎಚ್.ಡಿ.ಯ ಪ್ರವೇಶ ಪರೀಕ್ಷೆಗೆ ಕೊನೆಯ ವರ್ಷದಲ್ಲೇ ಸಿದ್ಧರಾಗಬೇಕು. ಇದನ್ನು ಮೊದಲ ವರ್ಷದಲ್ಲೇ ಯಾರಾದರೂ ಅವರಿಗೆ ಹೇಳಬೇಕು. ಕಾಲೇಜಿನ ಮೇಷ್ಟರುಗಳಿಗಿಂತ ಅದಕ್ಕೆ ತಕ್ಕವರಿಲ್ಲ.

ಪದವಿಯ ಕಾಗದ ಇಲ್ಲದೆಯೂ ದೊಡ್ಡ ಕೆಲಸ ಮಾಡಬಹುದೆಂದು ಅಣ್ಣಾ ಮಣಿ ತೋರಿಸಿಕೊಟ್ಟರು. ಅವರಷ್ಟು ಗಟ್ಟಿಗರಲ್ಲದ ಎಷ್ಟು ಮಂದಿ ಅಂಥದೇ ಬಾಗಿಲ ಮುಂದೆ ನಿಂತು ಹಿಂತಿರುಗಿ ಹೋದರೋ, ಅವರ ಲೆಕ್ಕ ಯಾವ ಪುಸ್ತಕಾಲಯದಲ್ಲೂ ಇಲ್ಲ. ಕೆಂಗಲ್ಲಿನಿಂದ ವಿಜ್ಞಾನ ಸಂಸ್ಥೆಗೆ ಅರವತ್ತು ಕಿಲೋಮೀಟರಿಗಿಂತ ಬಹಳ ದೂರವೇನಿಲ್ಲ. ದಿನವೂ ನೂರಾರು ಬಸ್ಸುಗಳು ಆ ದಾರಿಯಲ್ಲಿ ಹೋಗುತ್ತವೆ. ಅವುಗಳಲ್ಲಿ ಒಂದರಲ್ಲಿ, ಕೈಯಲ್ಲೊಂದು ಪ್ರವೇಶ ಪತ್ರ ಹಿಡಿದು, ಈ ಕೆಂಪು ಕಲ್ಲಿನ ಸೀಮೆಯ ಹುಡುಗಿಯೊಬ್ಬಳು ಹರಳಿನ ಕೆಂಪು ಬೆಳಕನ್ನು ಓದಲು ಹೊರಟಿದ್ದರೆ, ರಟ್ಟು ಕಟ್ಟಿ ಇಟ್ಟ ಆ ಹಳೆಯ ಪ್ರಬಂಧಕ್ಕೆ ತಡವಾಗಿಯಾದರೂ ಮನ್ನಣೆ ಸಿಕ್ಕಂತಾಗುತ್ತದೆ.